ಪಿಂಚಣಿ ಪಟ್ಟಿ ಊರಿನ ವಾಟ್ಸಾಪ್ ಗುಂಪಿಗೆ ಬಂತು, ಅಮ್ಮನ ಆಧಾರ್, ಖಾತೆ ಸಂಖ್ಯೆ ಸಮೇತ. ಯಾರನ್ನು ಕೇಳಬೇಕು?

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಓದಿ ದಾರಿ ತೋರಿಸಿ.

ಹೋದ ಬುಧವಾರ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಒಂದು ಫೈಲು ಬಂತು. ಹನ್ನೊಂದು ಪುಟದ ಪಿಂಚಣಿ ಪಟ್ಟಿ. "ಕೆವೈಸಿ ಬಾಕಿ ಇರುವವರು ಶುಕ್ರವಾರದೊಳಗೆ ಮಾಡಿಸಿಕೊಳ್ಳುವುದು" ಅಂತ ಮೇಲೊಂದು ಸಾಲು. ಆ ಗುಂಪಲ್ಲಿ 400ಕ್ಕೂ ಹೆಚ್ಚು ಜನ ಇದಾರೆ. ಊರಿನವರು, ಊರು ಬಿಟ್ಟು ಬೆಂಗಳೂರು ಸೇರಿದವರು, ಗೊಬ್ಬರದ ಅಂಗಡಿಯವರು, ಚೀಟಿ ನಡೆಸೋರು, ಜೊತೆಗೆ ಯಾರು ಯಾವಾಗ ಸೇರಿಸಿದರೋ ಗೊತ್ತಿಲ್ಲದ ನಂಬರುಗಳು.

ಪಟ್ಟಿಯಲ್ಲಿ ಹೆಸರು, ಗಂಡನ ಅಥವಾ ತಂದೆಯ ಹೆಸರು, ಜಾತಿ, ವಯಸ್ಸು, ಹನ್ನೆರಡೂ ಅಂಕಿಯ ಆಧಾರ್, ಬ್ಯಾಂಕ್ ಖಾತೆ, ಮೊಬೈಲ್, ಎಲ್ಲ ಇತ್ತು. ಕೊನೇ ಕಾಲಂ "ಷರಾ". ನಮ್ಮಮ್ಮನ ಹೆಸರಿನ ಮುಂದೆ ಅಲ್ಲಿ "ವಿಧವೆ" ಅಂತ. ಎದುರು ಮನೆ ಹುಡುಗಿಯ ಮುಂದೆ ಅವಳ ಕಾಯಿಲೆಯ ಹೆಸರು, ಶೇಕಡಾ ಎಷ್ಟು ಅನ್ನೋ ಅಂಕಿ ಸಮೇತ. ಆ ಮನೆಯವರು ಎಷ್ಟೋ ವರ್ಷದಿಂದ ಅದನ್ನು ಬಾಯಿ ಬಿಡದೆ ಕಾಪಾಡಿಕೊಂಡು ಬಂದಿದ್ದರು. ಗುರುವಾರ ಬೆಳಿಗ್ಗೆಯಿಂದ ಅವಳ ತಾಯಿ ನಲ್ಲಿ ಹತ್ತಿರ ನೀರಿಗೆ ಬರೋದನ್ನೇ ನಿಲ್ಲಿಸಿದಾರೆ.

ಶನಿವಾರ ಅಮ್ಮನಿಗೆ ಫೋನ್ ಬಂತು. "ತಾಯೀ, ನಿಮ್ಮ ಪಿಂಚಣಿ ನಿಂತು ಹೋಗತ್ತೆ" ಅಂದು, ಅಪ್ಪನ ಹೆಸರು ಹೇಳಿ, ಖಾತೆ ಸಂಖ್ಯೆಯನ್ನು ತಾವೇ ಓದಿ ಹೇಳಿದರಂತೆ. ಅಷ್ಟೆಲ್ಲ ಗೊತ್ತಿರೋರು ಆಫೀಸಿನವರೇ ಅಂತ ಅಮ್ಮ ಓಟಿಪಿ ಹೇಳಿಬಿಟ್ಟರು. 6,200 ರೂಪಾಯಿ ಹೋಯಿತು. ಐದು ತಿಂಗಳು ಕೂಡಿಟ್ಟ ದುಡ್ಡು.

ಪಟ್ಟಿ ಹಾಕಿದವರನ್ನು ಕೇಳಿದರೆ "ಜನರಿಗೆ ಅನುಕೂಲ ಆಗಲಿ ಅಂತ ಹಾಕಿದ್ದು" ಅಂತಾರೆ. ಬ್ಯಾಂಕಲ್ಲಿ "ಓಟಿಪಿ ಯಾಕೆ ಕೊಟ್ರಿ" ಅಂತಾರೆ. ನಾನು ಯಾರ ಮೇಲೆ ದೂರು ಕೊಡಬೇಕು?

ಮಂಡ್ಯದಹುಡುಗ
ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಈಗಲೇ. ಮಿಕ್ಕಿದ್ದು ಆಮೇಲೆ.

ನೀಲಿಪೆನ್ನು
ಬ್ಯಾಂಕಲ್ಲಿ ಹದಿನಾರು ವರ್ಷ ಕೆಲಸ ಮಾಡಿದೀನಿ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. 1930ರಲ್ಲಿ ದೂರು ದಾಖಲಾದರೆ ದುಡ್ಡು ಹೋಗಿ ಸೇರಿದ ಖಾತೆಯನ್ನು ತಡೆಹಿಡಿಯೋ ಅವಕಾಶ ಇರತ್ತೆ. ಮೊದಲ ಕೆಲವು ಗಂಟೆ ಬಹಳ ಮುಖ್ಯ. ಆದರೂ ತಡವಾಯ್ತು ಅಂತ ಬಿಡಬೇಡಿ. ದೂರಿನ ನಂಬರ್ ಹಿಡಿದು ಬ್ಯಾಂಕಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಇನ್ನು ಕಷ್ಟದ ಮಾತು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಮೂರನೆಯವರಿಂದ ಮೋಸ ಆಗಿದ್ದು, 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟದ ಹೊಣೆಯೇ ಇಲ್ಲ. 4ರಿಂದ 7 ದಿನ ಆದರೆ ಸ್ವಲ್ಪ ಹೊಣೆ. ಆದರೆ ಓಟಿಪಿಯನ್ನು ತಾವೇ ಹೇಳಿದರೆ ಅದನ್ನು "ಗ್ರಾಹಕರ ನಿರ್ಲಕ್ಷ್ಯ" ಅಂತ ಎಣಿಸ್ತಾರೆ. ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ.

ಹೇಮಾವತಿ_ದಂಡೆ
1930ಕ್ಕೆ ಶನಿವಾರ ಸಂಜೆಯೇ ಮಾಡಿದೆ, ನಂಬರ್ ಇದೆ. ನಾಳೆ ಸೀಲ್ ಹಾಕಿಸ್ತೀನಿ.

ಆದರೆ "ನಿರ್ಲಕ್ಷ್ಯ" ಅನ್ನೋ ಪದ ನನಗೆ ನುಂಗಕ್ಕೆ ಆಗ್ತಿಲ್ಲ. 64 ವರ್ಷದ ಅಮ್ಮ ಒಂದು ಫೋನಿಗೆ ನಂಬಿದ್ದು ನಿರ್ಲಕ್ಷ್ಯ. ಊರಿನವರೆಲ್ಲರ ಖಾತೆ ಸಂಖ್ಯೆ ಗುಂಪಿಗೆ ಹಾಕಿದ್ದು ಅನುಕೂಲ. ಇದು ಯಾವ ನ್ಯಾಯ?

ರಾಗಿಕಣ
ಬೇಜಾರು ಮಾಡ್ಕೋಬೇಡಿ. ಹಳ್ಳಿಯಲ್ಲಿ ಯಾರು ವಿಧವೆ, ಯಾರಿಗೆ ಕಾಯಿಲೆ, ಯಾರ ಜಾತಿ ಏನು ಅಂತ ಎಲ್ಲರಿಗೂ ಗೊತ್ತೇ ಇರತ್ತೆ. ಈ ಖಾಸಗಿತನ ಅನ್ನೋದು ಅಪಾರ್ಟ್‌ಮೆಂಟಿನವರ ಮಾತು. ದುಡ್ಡು ಹೋಗಿದ್ದು ಮೋಸಗಾರರಿಂದ, ಪಟ್ಟಿಯಿಂದ ಅಲ್ಲ. ಪಟ್ಟಿ ಹಾಕದೆ ಇದ್ದಿದ್ದರೆ "ನಮಗೆ ತಿಳಿಸಲೇ ಇಲ್ಲ, ಪಿಂಚಣಿ ನಿಲ್ಲಿಸಿದ್ರು" ಅಂತ ಇವರೇ ಕೂಗಾಡ್ತಿದ್ರು.

ಕರಾವಳಿಯವಳು
ರಾಗಿಕಣ ಅವರೇ, ಇದನ್ನು ಒಪ್ಪಲಿಕ್ಕೆ ಸಾಧ್ಯವೇ ಇಲ್ಲ.

ಊರಿನವರಿಗೆ ಗೊತ್ತಿರುವುದು ಒಂದು, ಊರಿನವರೆಲ್ಲರ ವಿವರ ಒಂದೇ ಹಾಳೆಯಲ್ಲಿ ಸಾಲಾಗಿ ಸಿಗುವುದು ಇನ್ನೊಂದು. ಪಕ್ಕದ ಮನೆಯವರಿಗೆ ನನ್ನ ಕಷ್ಟ ಗೊತ್ತಿದ್ದರೆ ಅವರು ರಾತ್ರಿ ಹೊತ್ತಿಗೆ ಗಂಜಿ ತಂದು ಕೊಡ್ತಾರೆ. ಎಲ್ಲೋ ಕೂತು ಫೋನ್ ಮಾಡುವವನಿಗೆ ಅದೇ ವಿಷಯ ಗೊತ್ತಾದರೆ ಏನು ಮಾಡ್ತಾನೆ ಅಂತ ಮೇಲೆಯೇ ಬರೆದಿದೆ.

ನನ್ನ ಅಕ್ಕನ ವಿಷಯ ಹೇಳ್ತೇನೆ. ಗಂಡನ ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ಬೇರೆ ಜಿಲ್ಲೆಗೆ ಬಂದು ನಿಂತವಳು ಅವಳು. ರೇಷನ್ ಕಾರ್ಡಿನ ವಿಳಾಸ ಬದಲಾಯಿಸಿದ ಹದಿನೈದೇ ದಿನಕ್ಕೆ ಅವನು ಹೊಸ ಮನೆಯ ಬಾಗಿಲಿಗೆ ಬಂದು ನಿಂತ. ಹಳೇ ಕಾರ್ಡಿನಲ್ಲಿ ಯಜಮಾನ ಅವನೇ, ಪರಿಚಯದವರ ಹತ್ತಿರ ಕಂಪ್ಯೂಟರಿನಲ್ಲಿ ನೋಡಿಸಿದ್ದ. ನೋಡಿಕೊಟ್ಟವರಿಗೆ ತಾವು ಏನು ಮಾಡಿದೆವು ಅಂತಲೂ ತಿಳಿದಿರಲಿಕ್ಕಿಲ್ಲ. ಅವಳು ಅಪಾರ್ಟ್‌ಮೆಂಟಿನವಳಲ್ಲ, ಬೀಡಿ ಕಟ್ಟಿ ಬದುಕುವವಳು.

ರಾಗಿಕಣ
ನಿಮ್ಮಕ್ಕನ ವಿಷಯ ಓದಿ ಸಂಕಟ ಆಯ್ತು. ಆ ಮಾತನ್ನು ನಾನು ಹಾಗೆ ಹೇಳಬಾರದಿತ್ತು. ಆದರೂ ಜನರಿಗೆ ತಿಳಿಸೋ ದಾರಿ ಯಾವುದು ಅನ್ನೋ ಪ್ರಶ್ನೆ ಉಳಿಯತ್ತೆ.

ಬೆರಳು_ಕೀಲಿಮಣೆ
ದಾರಿ ಇದೆ. ಆದರೆ ಅದಕ್ಕೆ ಮುಂಚೆ ಇದು ಹೇಗಾಗತ್ತೆ ಅಂತ ನಾನು ಹೇಳಬೇಕು, ಯಾಕೆಂದರೆ ಇಂಥ ಪಟ್ಟಿ ಕಳಿಸೋ ಕೈ ನಂದೂ ಹೌದು.

ನಾನು ಗುತ್ತಿಗೆ ಮೇಲೆ ಡಾಟಾ ಎಂಟ್ರಿ ಮಾಡೋನು. ಮೇಲಿನಿಂದ ಎಕ್ಸೆಲ್ ಹಾಳೆ ಬರತ್ತೆ, ಇಡೀ ತಾಲೂಕಿನದು. ಸಂಜೆಯೊಳಗೆ ಎಲ್ಲರಿಗೂ ಮುಟ್ಟಿಸಿ ಅಂತಾರೆ. ಮರುದಿನ ಮೀಟಿಂಗಲ್ಲಿ ಪ್ರಗತಿ ಕಡಿಮೆ ಇರೋರನ್ನು ಎದ್ದು ನಿಲ್ಲಿಸ್ತಾರೆ. ಮೂರು ಸಾವಿರ ಮನೆಗೆ ನಾನೊಬ್ಬನೇ. ವಾಟ್ಸಾಪ್ ಬಿಟ್ಟು ಇನ್ಯಾವ ದಾರಿ ಇತ್ತು ನನಗೆ?

ಎರಡು ವರ್ಷದ ಹಿಂದೆ ನಾನು ಹುಷಾರಾಗಿಯೇ ಇದೀನಿ ಅಂದುಕೊಂಡು ಆಧಾರ್, ಖಾತೆ ಕಾಲಂಗಳನ್ನು ಹೈಡ್ ಮಾಡಿ ಕಳಿಸಿದ್ದೆ. ಹೈಡ್ ಮಾಡಿದ್ದನ್ನು ಯಾರು ಬೇಕಾದರೂ ಎರಡು ಸಲ ಒತ್ತಿ ತೆರೀಬಹುದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತರಬೇತಿ ಅಂತ ಒಂದು ದಿನವೂ ಆಗಿಲ್ಲ. ಕಾಲೇಜು ಹುಡುಗನೊಬ್ಬ ಬಂದು ತೋರಿಸಿದಾಗ ಹೊಟ್ಟೆ ತಣ್ಣಗಾಗಿ ಹೋಯ್ತು. ಈಗ ಕಾಲಂ ಅಳಿಸಿ, ಹೊಸ ಫೈಲಾಗಿ ಉಳಿಸಿ, ಹೆಸರು ಮತ್ತು ಅರ್ಜಿ ಸಂಖ್ಯೆಯ ಕೊನೇ ನಾಲ್ಕು ಅಂಕಿ ಮಾತ್ರ ಇಟ್ಟು ಪ್ರಿಂಟ್ ತೆಗೆದು ಬೋರ್ಡಿಗೆ ಅಂಟಿಸ್ತೀನಿ. ವಾಟ್ಸಾಪಿಗೆ "ಪಟ್ಟಿ ಬೋರ್ಡಲ್ಲಿದೆ, ಬಂದು ನೋಡಿ" ಅಂತ ಮಾತ್ರ.

ಲಂಡನ್_ಲಕ್ಕವ್ವ
ಕೀಲಿಮಣೆಯವರೇ, ನಿಮ್ಮ ಹಾಗೇ ಇಲ್ಲೂ ಆಗಿದೆ, ಅದೂ ಪೊಲೀಸರಿಗೆ. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಒಂದು ಮಾಹಿತಿ ಹಕ್ಕು ಅರ್ಜಿಗೆ ಎಕ್ಸೆಲ್ ಹಾಳೆ ಕೊಟ್ಟಿತು. ಅದರಲ್ಲಿ ಅಡಗಿಸಿಟ್ಟ ಹಾಳೆಯೊಂದು ಉಳಿದುಹೋಗಿತ್ತು. ಸುಮಾರು ಒಂಬತ್ತೂವರೆ ಸಾವಿರ ಪೊಲೀಸರು, ಸಿಬ್ಬಂದಿಯ ಮನೆತನದ ಹೆಸರು, ಹುದ್ದೆ, ಕೆಲಸದ ಜಾಗ ಎಲ್ಲ ಇಂಟರ್ನೆಟ್ಟಿಗೆ ಹೋಯಿತು. ಅಲ್ಲಿ ಪೊಲೀಸರನ್ನು ಹುಡುಕಿ ಕೊಲ್ಲೋ ಗುಂಪುಗಳು ಇರೋದರಿಂದ, ನೆರೆಹೊರೆಯವರಿಗೂ ತಮ್ಮ ಕೆಲಸ ಹೇಳದೆ ಬದುಕಿದವರು ಅವರು. 2024ರಲ್ಲಿ ಇಲಾಖೆಗೆ ಏಳೂವರೆ ಲಕ್ಷ ಪೌಂಡ್ ದಂಡ ಬಿತ್ತು. ಸರ್ಕಾರಿ ಇಲಾಖೆಗೆ, ಇನ್ನೊಂದು ಸರ್ಕಾರಿ ಸಂಸ್ಥೆಯೇ ಹಾಕಿದ್ದು.

ವಕೀಲಮ್ಮ
ಹೇಮಾವತಿಯವರ ಮೂಲ ಪ್ರಶ್ನೆಗೆ ಬರ್ತೀನಿ.

ಆಧಾರ್ ಕಾಯ್ದೆ 2016ರ 29(4)ನೇ ಕಲಂ ಪ್ರಕಾರ, ನಿಯಮಗಳಲ್ಲಿ ಹೇಳಿದ ಉದ್ದೇಶ ಬಿಟ್ಟು ಯಾರ ಆಧಾರ್ ಸಂಖ್ಯೆಯನ್ನೂ ಬಹಿರಂಗವಾಗಿ ಪ್ರಕಟಿಸುವಂತಿಲ್ಲ. ವಾಟ್ಸಾಪ್ ಗುಂಪಿಗೆ ಹಾಕೋದು ಪ್ರಕಟಿಸಿದ ಹಾಗೇ ಅಂತ ನನ್ನ ವಾದ. ನಿಮ್ಮ ಅರ್ಜಿಯಲ್ಲಿ ಈ ಕಲಂ ಹೆಸರಿಸಿ. ಒಂದು ಪ್ರತಿ ಕಚೇರಿಯ ಮುಖ್ಯಸ್ಥರಿಗೆ, ಒಂದು ಜಿಲ್ಲಾಧಿಕಾರಿಗಳಿಗೆ, ಒಂದು ಆಧಾರ್ ಪ್ರಾಧಿಕಾರಕ್ಕೆ. ಮುಂಚೆ ಆಧಾರ್ ಕಾಯ್ದೆಯಡಿ ನ್ಯಾಯಾಲಯಕ್ಕೆ ದೂರು ಕೊಡೋ ಅಧಿಕಾರ ಪ್ರಾಧಿಕಾರಕ್ಕೆ ಮಾತ್ರ ಇತ್ತು. 2019ರ ತಿದ್ದುಪಡಿ ಆದ ಮೇಲೆ ಕೆಲವು ಅಪರಾಧಗಳಿಗೆ ಆಧಾರ್ ಉಳ್ಳವರೇ ಹೋಗಬಹುದು.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಸೋರಿಕೆ ಆದರೆ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ತಿಳಿಸಬೇಕು, ಭದ್ರತೆ ಇಡದೆ ಇದ್ದರೆ 250 ಕೋಟಿವರೆಗೆ ದಂಡ, ಎಲ್ಲ ಇದೆ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಆದರೆ ಮುಖ್ಯ ಕಟ್ಟಳೆಗಳು ಜಾರಿಯಾಗೋದು ಅಲ್ಲಿಂದ 18 ತಿಂಗಳಿಗೆ. 17ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ತಾನು ಅಧಿಸೂಚನೆ ಹೊರಡಿಸಿದ ಸರ್ಕಾರಿ ಸಂಸ್ಥೆಗಳನ್ನು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಕ್ಕೆ ಕಾಯ್ದೆಯಿಂದಲೇ ಹೊರಗಿಡಬಹುದು. ನನಗೆ ಅದಕ್ಕಿಂತ ಹೆಚ್ಚು ನೋವಾಗೋದು ಇನ್ನೊಂದು. ದಂಡದ ದುಡ್ಡು ಸರ್ಕಾರದ ಸಂಚಿತ ನಿಧಿಗೆ ಹೋಗತ್ತೆ. ನಿಮ್ಮಮ್ಮನಿಗೆ ಅದರಲ್ಲಿ ಒಂದು ರೂಪಾಯಿ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಅಡಿ ಪರಿಹಾರ ಕೇಳೋ ದಾರಿ ಇತ್ತು, ಅದೂ ಕಂಪನಿಗಳ ವಿರುದ್ಧ ಮಾತ್ರ. ಹೊಸ ಕಾಯ್ದೆ ಅದನ್ನೂ ತೆಗೆದುಹಾಕತ್ತೆ.

ಹುಬ್ಬಳ್ಳಿಮಂದಿ
ವಕೀಲಮ್ಮಾರ, ಭಾಳ ಚಲೋ ಹೇಳಿದ್ರಿ. ಆದ್ರ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳೇತಲ್ರಿ? ಅದರ ಮ್ಯಾಲ ಯಾಕ ಹೋಗಬಾರದು?

ವಕೀಲಮ್ಮ
ಹೋಗಬಹುದು. 2017ರ ಆಗಸ್ಟ್ 24ರ ತೀರ್ಪು, ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಕೊಟ್ಟಿದ್ದು. ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2024ರಲ್ಲಿ ತೀರಿಕೊಂಡರು. ನಾನು ವಕೀಲಿಕೆ ಶುರುಮಾಡಿದ ದಿನಗಳಲ್ಲಿ ಆ ತೀರ್ಪು ಬಂತು. ಅವತ್ತು ಸಂಜೆ ನಮ್ಮ ಸೀನಿಯರ್ ಆಫೀಸಿನಲ್ಲಿ ಸಿಹಿ ಹಂಚಿದ್ದರು. ಆದರೆ 6,200 ರೂಪಾಯಿಗೆ ಹೈಕೋರ್ಟಿನಲ್ಲಿ ರಿಟ್ ಹಾಕೋ ಶಕ್ತಿ ಯಾವ ವಿಧವೆಗಿದೆ ಹೇಳಿ?

ಅರ್ಜಿದಾರ
ಒಂದು ಎಚ್ಚರಿಕೆ ಕೊಡ್ತೀನಿ, ದಯವಿಟ್ಟು ತಪ್ಪು ತಿಳೀಬೇಡಿ.

ನಾನು ಹದಿನೆಂಟು ವರ್ಷದಿಂದ ಮಾಹಿತಿ ಹಕ್ಕಿನ ಅರ್ಜಿ ಹಾಕ್ತಿದೀನಿ. ಪಿಂಚಣಿ ಪಟ್ಟಿ ಬಹಿರಂಗವಾಗಿ ಇರಲೇಬೇಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲೇ ಇದೆ, ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ಸರ್ಕಾರ ತಾನಾಗಿ ಪ್ರಕಟಿಸಬೇಕು ಅಂತ. ನಮ್ಮ ಹೋಬಳಿಯಲ್ಲಿ ಸತ್ತವರ ಹೆಸರಲ್ಲಿ ಪಿಂಚಣಿ ಎತ್ತುತ್ತಿದ್ದದ್ದು ನಮಗೆ ಗೊತ್ತಾಗಿದ್ದು ಗೋಡೆ ಮೇಲೆ ಪಟ್ಟಿ ಇದ್ದಿದ್ದಕ್ಕೆ. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ ತೆರೆದಿದ್ದಕ್ಕೆ, ಮನೆಯಲ್ಲಿ ಮಲಗಿದವರ ಹೆಸರಲ್ಲಿ ಕೂಲಿ ಹೋಗಿದ್ದು ಬಯಲಾಯ್ತು.

ಈಗ ಹೊಸ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬದಲಾಯಿಸಿದೆ. ಮುಂಚೆ ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಅನವಶ್ಯಕವಾಗಿ ಖಾಸಗಿ ಬದುಕಿಗೆ ಕೈ ಹಾಕುವಂಥ ಮಾಹಿತಿಗೆ ಮಾತ್ರ ತಡೆ ಇತ್ತು. ಈಗ "ವೈಯಕ್ತಿಕ ಮಾಹಿತಿ" ಅಂದರೆ ಸಾಕು, ಬಾಗಿಲು ಮುಚ್ಚತ್ತೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನೋ 8(2) ಉಳಿದಿದೆ, ಆದರೆ ಅದನ್ನು ನಾವೇ ಸಾಬೀತು ಮಾಡ್ತಾ ಅಲೀಬೇಕು. ನೀವೆಲ್ಲ ಖಾಸಗಿತನ ಖಾಸಗಿತನ ಅಂದಾಗ, ಲಂಚ ತಿಂದವನೂ ಅದೇ ಪದದ ಹಿಂದೆ ಬಚ್ಚಿಟ್ಟುಕೊಳ್ತಾನೆ.

ಕರಾವಳಿಯವಳು
ಹೆಸರು ಬೇಡ ಅಂತ ಯಾರು ಹೇಳಿದ್ದಾರೆ ಸ್ವಾಮಿ? ಸತ್ತವರ ಹೆಸರಿನಲ್ಲಿ ದುಡ್ಡು ಹೋಗಿದೆಯೋ ಅಂತ ತಿಳಿಯಲಿಕ್ಕೆ ಹೆಸರು, ಊರು, ಮೊತ್ತ ಸಾಕು. ಖಾತೆ ಸಂಖ್ಯೆ ಯಾಕೆ? ಆ ಹುಡುಗಿಯ ಕಾಯಿಲೆಯ ಹೆಸರು ಯಾಕೆ?

ಅರ್ಜಿದಾರ
ಅಲ್ಲಿ ನಮ್ಮಿಬ್ಬರದೂ ಒಂದೇ ಮಾತು. ಕಚೇರಿಗಳು ಉಲ್ಟಾ ಮಾಡ್ತಿವೆ ಅನ್ನೋದೇ ನನ್ನ ಸಂಕಟ. ಗುತ್ತಿಗೆದಾರನಿಗೆ ಎಷ್ಟು ದುಡ್ಡು ಕೊಟ್ರಿ ಅಂದರೆ "ಮೂರನೆಯವರ ವೈಯಕ್ತಿಕ ಮಾಹಿತಿ" ಅಂತ ಹಿಂಬರಹ. ವಿಧವೆಯ ಆಧಾರ್ ಮಾತ್ರ ವಾಟ್ಸಾಪಿನಲ್ಲಿ.

ಹುಬ್ಬಳ್ಳಿಮಂದಿ
ಈ ಕಡೀ ಮಾತು ನೂರಕ್ಕ ನೂರು ಖರೆ.

ಪತ್ರ_ಬರಹ
ಆಧಾರ್ ನಂಬರ್ ಹೋದರೆ ಹೋಯ್ತು, ಹೆಬ್ಬೆಟ್ಟು ಹೋದರೆ ಏನು ಮಾಡ್ತೀರಿ ಅಂತ ಕೇಳಕ್ಕೆ ಬಂದೆ. ಇಪ್ಪತ್ತೆರಡು ವರ್ಷದಿಂದ ಕ್ರಯಪತ್ರ ಬರೆಯೋ ಕೆಲಸ ನಂದು.

ಆಸ್ತಿ ನೋಂದಣಿ ಮಾಡಿಸುವಾಗ ಕೊಡುವವರ, ಕೊಳ್ಳುವವರ ಫೋಟೋ, ಬೆರಳಚ್ಚು ಪತ್ರದ ಮೇಲೆ ಬೀಳಬೇಕು. ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿಸಿದ 32ಎ ಕಲಂ ಅದು, ಬೇನಾಮಿ ಜನ ಬಂದು ಸಹಿ ಹಾಕಬಾರದು ಅಂತ ಒಳ್ಳೇ ಉದ್ದೇಶಕ್ಕೆ ಮಾಡಿದ್ದು. ಅದೇ 1908ರ ಕಾಯ್ದೆಯ 57ನೇ ಕಲಂ, ಆಸ್ತಿ ಪತ್ರಗಳಿರೋ 1ನೇ ಪುಸ್ತಕದಿಂದ ಯಾರು ಬೇಕಾದರೂ ಶುಲ್ಕ ಕಟ್ಟಿ ನಕಲು ಪಡೀಬಹುದು ಅನ್ನತ್ತೆ. ಅದೂ ಸರಿಯೇ. ಜಮೀನು ಕೊಳ್ಳೋನು ಹಳೇ ಪತ್ರ ನೋಡದೆ ಹೇಗೆ ಕೊಳ್ತಾನೆ? ನಕಲಿಗೆ ಕಚೇರಿಗೇ ಅಲೆಯೋ ಕಾಲ ಹೋಗಿ ಆನ್‌ಲೈನ್ ಆಯ್ತು, ಜನಕ್ಕೆ ಎಷ್ಟೋ ಅನುಕೂಲ ಆಯ್ತು.

ಈ ನಡುವೆ ಯಾರೋ ಬೆರಳಚ್ಚನ್ನೇ ಬ್ಯಾಂಕಿನ ಕೀಲಿ ಮಾಡಿದರು. ಎಇಪಿಎಸ್ ಅಂತಾರಲ್ಲ, ಊರಿನ ಅಂಗಡಿಯಲ್ಲಿ ಬೆರಳಿಟ್ಟು ದುಡ್ಡು ತೆಗೆಯೋದು. ಅದಕ್ಕೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಮೂರೇ ಸಾಕು. ಪಿನ್ನೂ ಬೇಡ, ಓಟಿಪಿಯೂ ಬೇಡ. ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆ ಇದೆ, ಬೆರಳಚ್ಚೂ ಇದೆ. 2018ರಲ್ಲೇ ತೆಲಂಗಾಣದಲ್ಲಿ ನೋಂದಣಿ ಪತ್ರಗಳಿಂದ ಬೆರಳಚ್ಚು ತೆಗೆದು ಸಾವಿರಾರು ಸಿಮ್ ಚಾಲೂ ಮಾಡಿದ ಪ್ರಕರಣ ಸಿಕ್ಕಿತ್ತು. ನಮ್ಮಲ್ಲಿ 2023ರಲ್ಲಿ ಬೆಂಗಳೂರಿನಲ್ಲಿ ಸಾಲುಸಾಲು ದೂರು ಬಂದ ಮೇಲೆ, ಪತ್ರದ ನಕಲಿನಲ್ಲಿ ಬೆರಳಚ್ಚು, ಆಧಾರ್ ಮುಚ್ಚೋ ಕೆಲಸ ಶುರುವಾಯ್ತು. ಐದು ವರ್ಷ ಮೊದಲೇ ಪಕ್ಕದ ರಾಜ್ಯದಲ್ಲಿ ಗಂಟೆ ಹೊಡೆದಿತ್ತು.

ನನ್ನ ಕೈಯಿಂದಲೇ ಸಾವಿರಾರು ಜನರ ಹೆಬ್ಬೆರಳಿಗೆ ಶಾಯಿ ಹಚ್ಚಿಸಿದೀನಿ. ಹಳ್ಳಿ ಅಜ್ಜಿಯರು ಒತ್ತಿದ ಮೇಲೆ ಸೆರಗಿಗೆ ಬೆರಳು ಒರೆಸಿಕೊಳ್ತಾ "ಇಷ್ಟೇನಾ ಸಾಮಿ" ಅಂತ ಕೇಳೋರು. ಇಷ್ಟೇ ತಾಯಿ ಅಂತ ನಾನು ಹೇಳ್ತಿದ್ದೆ. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು. ಆ ಅಜ್ಜಿ ಬೇರೆ ಬೆರಳು ಎಲ್ಲಿಂದ ತರ್ತಾಳೆ?

ಮಲೆನಾಡು_ಮಳೆ
ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿ ಎಲ್ಲರೂ, ಅಂದರೆ ಬೆರಳಚ್ಚು ಎಲ್ಲೂ ನಡೆಯದ ಹಾಗೆ ಬೀಗ. ಎಂಆಧಾರ್ ಆಪಿನಲ್ಲೋ ಆಧಾರ್ ವೆಬ್‌ಸೈಟಿನಲ್ಲೋ ಆಗತ್ತೆ, ದುಡ್ಡು ಏನೂ ಇಲ್ಲ. ಮೊಬೈಲ್ ನಂಬರ್ ಆಧಾರಿಗೆ ಜೋಡಣೆ ಆಗಿರಬೇಕು ಅಷ್ಟೇ.

ಒಂದು ಅನುಭವ ಹೇಳ್ತೀನಿ. ನಮ್ಮ ಅಜ್ಜಿಗೆ ಲಾಕ್ ಮಾಡಿದ್ದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ನಿಂತರೆ ಯಂತ್ರ 330 ಅಂತ ತೋರಿಸ್ತಂತೆ. ಅಂಗಡಿಯವರು "ಬೆರಳು ಸವೆದಿದೆ" ಅಂತ ಎರಡು ಸಲ ವಾಪಸ್ ಕಳಿಸಿದರು. ಅಡಿಕೆ ಸುಲಿದು ಅಜ್ಜಿಯ ಬೆರಳು ಸವೆದಿರೋದೂ ನಿಜವೇ, ಆದರೆ ಈ ಸಲದ ಕಾರಣ ಅದಲ್ಲ. 330 ಅಂದರೆ ಲಾಕ್ ಆಗಿದೆ ಅಂತ. ಅಂಗಡಿಗೆ ಹೋಗೋ ಮುಂಚೆ ತಾತ್ಕಾಲಿಕವಾಗಿ ತೆರೆದರೆ ಹತ್ತು ನಿಮಿಷದಲ್ಲಿ ಮತ್ತೆ ತಾನೇ ಮುಚ್ಚಿಕೊಳ್ಳತ್ತೆ. ಅಮ್ಮಂದಿರಿಗೆ, ಅಜ್ಜಿಯರಿಗೆ ಲಾಕ್ ಮಾಡಿದರೆ ಈ ವಿಷಯ ಮನೆಯವರಿಗೆಲ್ಲ ಹೇಳಿಡಿ.

ಹುಬ್ಬಳ್ಳಿಮಂದಿ
ಸಿಗ್ನಲ್ ಇಲ್ಲದ ಊರಾಗ ಹತ್ತು ನಿಮಿಷ ಸಾಲೂದಿಲ್ರಿ. ಸರ್ವರ್ ಡೌನ್ ಅಂತ ಅರ್ಧಾ ದಿನ ನಿಲ್ಲಸ್ತಾರ.

ಮಲೆನಾಡು_ಮಳೆ
ಅದು ನಿಜ. ನಾವು ಅಂಗಡಿ ಮುಂದಿನ ಕಟ್ಟೆ ಮೇಲೆ ನಿಂತೇ ತೆರೆಯೋದು, ಸರದಿ ಹತ್ತಿರ ಬಂದ ಮೇಲೆ.

ಸಿರಿಗಂಧ_ಪುಟ
ಜೆರಾಕ್ಸ್ ವಿಷಯ ಯಾರೂ ಎತ್ತಿಲ್ಲ. 2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ "ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡಬೇಡಿ, ಮಾಸ್ಕ್ ಮಾಡಿದ್ದನ್ನು ಕೊಡಿ" ಅಂತ ಪ್ರಕಟಣೆ ಕೊಟ್ಟಿತ್ತು. ಎರಡೇ ದಿನಕ್ಕೆ ತಪ್ಪು ಅರ್ಥ ಬರಬಹುದು ಅಂತ ಕೇಂದ್ರ ಅದನ್ನು ಹಿಂದಕ್ಕೆ ತಗೊಂಡಿತು. ಆ ಮೊದಲ ಸಲಹೆಯೇ ಸರಿ ಇತ್ತು ಅಂತ ನನ್ನ ಅಭಿಪ್ರಾಯ. ಮಾಸ್ಕ್ ಮಾಡಿದ ಆಧಾರಿನಲ್ಲಿ ಕೊನೇ ನಾಲ್ಕು ಅಂಕಿ ಮಾತ್ರ ಕಾಣತ್ತೆ, ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು. ಕೊಟ್ಟರೆ ಮಾತ್ರ ಎಷ್ಟೋ ಕೌಂಟರಲ್ಲಿ "ಇದು ನಡಿಯಲ್ಲ, ಪೂರ್ತಿ ನಂಬರ್ ಇರೋದು ತನ್ನಿ" ಅಂತ ವಾಪಸ್ ಕಳಿಸ್ತಾರೆ. ನನಗೆ ಮೂರು ಕಡೆ ಹೀಗಾಗಿದೆ.

ಪದಪ್ರೇಮಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಕೆಲವರು ಗೌಪ್ಯತೆ ಅಂತೀರಿ, ಕೆಲವರು ಖಾಸಗಿತನ ಅಂತೀರಿ. ಎರಡೂ ಒಂದೇ ಅಲ್ಲ. ಗೌಪ್ಯ ಅಂದರೆ ಮುಚ್ಚಿಡಬೇಕಾದ್ದು, ಗುಟ್ಟು. ಖಾಸಗಿ ಅಂದರೆ ನನ್ನದು, ನಾನು ಯಾರಿಗೆ ಕೊಡ್ತೀನೋ ಅವರಿಗೆ ಮಾತ್ರ. ಗೌಪ್ಯತೆ ಅಂದ ಕೂಡಲೇ "ಮುಚ್ಚಿಡೋ ಅಂಥದ್ದು ಏನಿದೆ ನಿಮ್ಮ ಹತ್ತಿರ" ಅನ್ನೋ ಪ್ರಶ್ನೆ ಬರತ್ತೆ. ನಾನು ವಿಧವೆ ಅನ್ನೋದು ಗುಟ್ಟಲ್ಲ, ಆದರೆ ಅದು ನನ್ನದು. ಅದಕ್ಕೇ ಖಾಸಗಿತನ ಅನ್ನೋದೇ ಸರಿ.

ರಾಗಿಕಣ
ಪದಪ್ರೇಮಿ, ಇದು ನನಗೆ ತಟ್ಟಿತು. ನಾನು ಮೇಲೆ ಬರೆದಿದ್ದು ಗುಟ್ಟಿನ ಬಗ್ಗೆ ಮಾತ್ರ.

ಗೇರ್_ಬಾಕ್ಸ್
ಸೋರಿ ಹೋಗೋದು ಒಂದು ಕಡೆ, ಸರ್ಕಾರ ತಾನೇ ಮಾರಿದ್ದೂ ಇದೆ. ಗಾಡಿ ನೋಂದಣಿ, ಲೈಸೆನ್ಸ್ ವಿವರ ಕಂಪನಿಗಳಿಗೆ ಕೊಟ್ಟು ನೂರಾರು ಕೋಟಿ ತಗೊಂಡ್ರು ಸಾರಿಗೆ ಸಚಿವಾಲಯದವರು. ಇನ್ಶೂರೆನ್ಸ್ ಮುಗಿಯೋ ವಾರಕ್ಕೆ ಸರಿಯಾಗಿ ನಮಗೆ ಫೋನ್ ಬರೋದು ಹೇಗೆ ಅಂದ್ಕೊಂಡ್ರಿ?

ವಕೀಲಮ್ಮ
ಮೊತ್ತ ಸರಿಮಾಡ್ತೀನಿ. 2019ರ ಜುಲೈನಲ್ಲಿ ಸಂಸತ್ತಿಗೆ ಸಚಿವರು ಕೊಟ್ಟ ಉತ್ತರದಲ್ಲಿ 87 ಖಾಸಗಿ ಕಂಪನಿ, 32 ಸರ್ಕಾರಿ ಸಂಸ್ಥೆಗಳಿಗೆ ವಾಹನ್ (ಗಾಡಿ ನೋಂದಣಿ) ಮತ್ತು ಸಾರಥಿ (ಲೈಸೆನ್ಸ್) ದತ್ತಾಂಶ ಕೊಟ್ಟು ಬಂದ ಆದಾಯ 65 ಕೋಟಿ ಅಂತ ಇತ್ತು. ಸಗಟು ಮಾರಾಟದ ಆ ನೀತಿಯನ್ನು 2020ರಲ್ಲಿ ಕೈಬಿಟ್ಟರು. ನಿಮ್ಮ ಇನ್ಶೂರೆನ್ಸ್ ಫೋನು ಅಲ್ಲಿಂದಲೇ ಬಂತು ಅಂತ ಹೇಳಕ್ಕಾಗಲ್ಲ, ಶೋರೂಮಿನಿಂದಲೂ ಹೋಗಿರಬಹುದು.

ಗೇರ್_ಬಾಕ್ಸ್
ಸರಿ, 65 ಕೋಟಿ. ಆದರೆ ನಾನು ಲೈಸೆನ್ಸಿಗೆ ವಿವರ ಕೊಟ್ಟಿದ್ದು ಗಾಡಿ ಓಡಿಸಕ್ಕೆ, ಮಾರಕ್ಕಲ್ಲ.

ಮೇಷ್ಟ್ರು_ತಿಪಟೂರು
ನಾನು 2025ರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಹೋದ ಶಿಕ್ಷಕ. ಮೊದಲ ಮೂರು ದಿನ ಜನ ಮಾತಾಡಿದರು. ಆಮೇಲೆ ಬಾಗಿಲಲ್ಲೇ ನಿಂತು ಕೇಳೋರು, "ಇದನ್ನೆಲ್ಲ ಯಾರಿಗೆ ಕೊಡ್ತೀರಿ ಸಾರ್?" ಹೈಕೋರ್ಟು ಆ ಸೆಪ್ಟೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿತು. ಉತ್ತರ ಕೊಡೋದು ಜನರ ಇಷ್ಟ, ಕೊಟ್ಟ ಮಾಹಿತಿಯು ಹಿಂದುಳಿದ ವರ್ಗಗಳ ಆಯೋಗ ಬಿಟ್ಟು ಇನ್ಯಾರಿಗೂ ಸಿಗಬಾರದು. ಅದನ್ನು ಹೇಳಿದಾಗ ಎಷ್ಟೋ ಮನೆಯವರು ನಿರಾಳವಾಗಿ ಕೂರಿಸಿ ಮಜ್ಜಿಗೆ ಕೊಟ್ಟು ಉತ್ತರ ಹೇಳಿದರು.

ಬೆಂಗಳೂರಿನಲ್ಲಿ ಕೆಲಸ ಮಾಡಿದ ಸ್ನೇಹಿತರ ಅನುಭವ ಬೇರೆ. ಅಲ್ಲಿ 2022ರಲ್ಲಿ ಮತದಾರರ ಜಾಗೃತಿ ಅಂತ ಅನುಮತಿ ಪಡೆದ ಖಾಸಗಿ ಸಂಸ್ಥೆಯ ಜನ ಚುನಾವಣಾ ಸಿಬ್ಬಂದಿ ಅಂತ ಹೇಳಿಕೊಂಡು ಮನೆ ಮನೆ ವಿವರ ತೆಗೆದಿದ್ದರಲ್ಲ. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಪಟ್ಟಿಗಳನ್ನು ಮತ್ತೆ ಪರಿಶೀಲಿಸಬೇಕಾಗಿ ಬಂತು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಅದಾದ ಮೇಲೆ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಹೋದವರನ್ನು ಜನ ಹೇಗೆ ನಂಬಬೇಕು? 1948ರ ಜನಗಣತಿ ಕಾಯ್ದೆಯಲ್ಲಿ ಗಣತಿಯ ಪುಸ್ತಕವನ್ನು ಯಾರೂ ತೆರೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ನಡೆಯಲ್ಲ ಅಂತ 15ನೇ ಕಲಮಿನಲ್ಲಿ ಬರೆದಿಟ್ಟಿದಾರೆ. ಅಂಥ ಗಟ್ಟಿ ಮಾತು ಪ್ರತಿಯೊಂದು ಅರ್ಜಿ ನಮೂನೆಯ ಕೆಳಗೂ ಬೇಕು.

ಟಾಲಿನ್_ತಮ್ಮ
ಎಸ್ಟೋನಿಯಾದಲ್ಲಿದೀನಿ. ಇಲ್ಲಿ ಸರ್ಕಾರಿ ಪೋರ್ಟಲಿಗೆ ಹೋದರೆ ನನ್ನ ವಿವರವನ್ನು ಯಾವ ಕಚೇರಿ, ಯಾವ ದಿನ ತೆರೆದು ನೋಡಿತು ಅಂತ ನನಗೇ ಕಾಣತ್ತೆ. ಎಲ್ಲ ಇಲಾಖೆಯದೂ ಅಲ್ಲ, ಮುಖ್ಯವಾದ ಹಲವು ದಾಖಲೆಗಳದು. ಕಾರಣ ಇಲ್ಲದೆ ನೋಡಿದ್ದರೆ ಕೇಳಬಹುದು. ಕರಾವಳಿಯವರ ಅಕ್ಕನ ವಿಷಯ ಓದುವಾಗ ಇದೇ ನೆನಪಾಯ್ತು. ಆ ರೇಷನ್ ಕಾರ್ಡ್ ತೆರೆದು ನೋಡಿದವರ ಹೆಸರು ಎಲ್ಲೋ ಒಂದು ಕಡೆ ದಾಖಲಾಗಿರಲೇಬೇಕು.

ಬೆರಳು_ಕೀಲಿಮಣೆ
ದಾಖಲಾಗೋದು ಲಾಗಿನ್ ಹೆಸರು ಮಾತ್ರ ಅಣ್ಣ. ನಾನು ನೋಡಿದ ಎಷ್ಟೋ ಕಚೇರಿಯಲ್ಲಿ ಸಾಹೇಬರ ಲಾಗಿನ್ನು, ಪಾಸ್‌ವರ್ಡ್ ಸಮೇತ, ನಾಲ್ಕೈದು ಜನರ ಕೈಯಲ್ಲಿರತ್ತೆ. ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿರ್ತಾರೆ. ಯಾರು ನೋಡಿದರು ಅಂತ ಹೇಗೆ ಹುಡುಕ್ತೀರಿ?

ಕರಾವಳಿಯವಳು
ಅದನ್ನು ಮೊದಲು ನಿಲ್ಲಿಸಬೇಕು. ಒಬ್ಬರಿಗೆ ಒಂದು ಲಾಗಿನ್. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ.

ಹೇಮಾವತಿ_ದಂಡೆ
ಹೊಸ ಸುದ್ದಿ. ವಕೀಲಮ್ಮ ಹೇಳಿದ ಹಾಗೆ 29(4) ಹೆಸರಿಸಿ ಅರ್ಜಿ ಬರೆದು ಮೂರು ಪ್ರತಿ ಕೊಟ್ಟೆ. ಕಚೇರಿಯ ಮುಖ್ಯಸ್ಥರು ಅರ್ಜಿ ಎರಡು ಸಲ ಓದಿದರು. ಪಟ್ಟಿ ಹಾಕಿದ ಹುಡುಗನನ್ನು ಕರೆಸಿದರು, ಅವನು ಕೀಲಿಮಣೆಯವರ ಹಾಗೇ ಗುತ್ತಿಗೆಯವನು, ಕಣ್ಣಲ್ಲಿ ನೀರು. ಅವನನ್ನು ಕೆಲಸದಿಂದ ತೆಗೀತೀವಿ ಅಂದರು. ಅದು ಬೇಡ, ಪೂರ್ತಿ ನಂಬರ್ ಇರೋ ಹಾಳೆಯನ್ನು ಅವನಿಗೆ ಕಳಿಸಿದವರು ಯಾರು ಅಂತ ಬರವಣಿಗೆಯಲ್ಲಿ ಹೇಳಿ ಅಂದೆ. ಅದಕ್ಕೆ ಇನ್ನೂ ಉತ್ತರ ಇಲ್ಲ.

ಗುಂಪಿನಿಂದ ಫೈಲ್ ಅಳಿಸಿದಾರೆ. ಆದರೆ ಅಷ್ಟರಲ್ಲಿ ಅದು ಇನ್ನೆರಡು ಗುಂಪಿಗೆ ಹೋಗಿದೆ. ಅಮ್ಮನ ದುಡ್ಡಲ್ಲಿ 1,900 ತಡೆಹಿಡಿದಿದಾರಂತೆ, ಮಿಕ್ಕಿದ್ದು ಬೇರೆ ಖಾತೆ ದಾಟಿ ಹೋಗಿದೆ. ಅಮ್ಮನ ಬಯೋಮೆಟ್ರಿಕ್ ಲಾಕ್ ಮಾಡಿಸಿದೆ.

ನೀಲಿಪೆನ್ನು
1,900 ವಾಪಸ್ ಬರಕ್ಕೆ ಕೋರ್ಟ್ ಆದೇಶ ಬೇಕೋ ಬೇಡವೋ ಅಂತ ಠಾಣೆಯಲ್ಲಿ ಕೇಳಿ. ಬ್ಯಾಂಕ್ 30 ದಿನದಲ್ಲಿ ಸರಿಯಾದ ಉತ್ತರ ಕೊಡದೆ ಹೋದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ವಿಚಾರಿಸೋ ಅಧಿಕಾರಿಗೆ) ಹಾಕಿ. ಅರ್ಜಿಯಲ್ಲಿ ಪಟ್ಟಿ ಸೋರಿದ್ದನ್ನು ಮೊದಲ ಸಾಲಿನಲ್ಲೇ ಬರೀರಿ, ಪಟ್ಟಿಯ ಪ್ರಿಂಟಿನಲ್ಲಿ ಬೇರೆಯವರ ಸಾಲುಗಳನ್ನು ಮುಚ್ಚಿ ಲಗತ್ತಿಸಿ.

ಪತ್ರ_ಬರಹ
ಎದುರು ಮನೆಯವರು ಹೇಗಿದಾರೆ?

ಹೇಮಾವತಿ_ದಂಡೆ
ಅಮ್ಮ ಈಗ ದಿನಾ ಬೆಳಿಗ್ಗೆ ಅವರ ಎರಡು ಬಿಂದಿಗೆಯನ್ನೂ ತಾವೇ ತುಂಬಿಸಿ ಜಗುಲಿ ಮೇಲೆ ಇಟ್ಟು ಬರ್ತಾರೆ. ಬಾಗಿಲು ಇನ್ನೂ ತೆಗೆದಿಲ್ಲ.